ಹತ್ತು ಕೆ.ಜಿ. ಬಿಲ್ಲು

ನನಗೆ ಬಿಲ್ಲು ಹಿಡಿಯಲು ಕಲಿಸಿದವರು ತೀರಿಕೊಂಡ ಸುದ್ದಿ ತಲುಪಿದ್ದು ಹನ್ನೊಂದು ದಿನ ತಡವಾಗಿ. ಹಳೇಬೀಡಿನಿಂದ ಅವರ ಅಕ್ಕ ಯಾರ ಕೈಯಲ್ಲೋ ಕಾರ್ಡು ಬರೆಸಿದ್ದರು. ಮೂರೇ ಸಾಲು. ತಮ್ಮ ಹೋದ. ನಿನಗೆ ಕೊಡಬೇಕೆಂದು ಒಂದು ಗಂಟು ಇಟ್ಟಿದ್ದಾನೆ. ಬಂದು ತೆಗೆದುಕೊಂಡು ಹೋಗು. ಆ ದಿನದ ಡೈರಿಯಲ್ಲಿ 'ಹಳೇಬೀಡಿಗೆ ಹೋಗಬೇಕು' ಎಂದು ಬರೆದೆ. ಮರುದಿನವೂ ಅದನ್ನೇ ಬರೆದೆ. ಒಂಬತ್ತು ದಿನ ಅದೇ ಸಾಲು ಬರೆದು, ಹತ್ತನೆಯ ದಿನ ಬಸ್ಸು ಹತ್ತಿದೆ.

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ದೊಡ್ಡ ವಿಷಯಗಳೇನೂ ಅದರಲ್ಲಿ ಇರುವುದಿಲ್ಲ. ಮಳೆ ಬಂತೆ, ಬಸ್ಸು ಎಷ್ಟು ನಿಮಿಷ ತಡ, ಯಾರಿಗೆ ಕಾಗದ ಹಾಕಿದೆ, ಇಷ್ಟೇ. 1981ರ ಡೈರಿಯಲ್ಲಿ ಇಪ್ಪತ್ತಮೂರು ಭಾನುವಾರಗಳ ಪುಟದಲ್ಲಿ ಅವರಿದ್ದಾರೆ. ಆಮೇಲಿನ ಡೈರಿಗಳಲ್ಲಿ ಮೂರೇ ಸಲ, ಮೂರೂ ಸಲ ಬಸ್ಸಿನ ಕಿಟಕಿಯಿಂದ ಕಂಡದ್ದು.

ಆಗ ನಾನು ಬೇಲೂರಿನಲ್ಲಿ ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಬಿಲ್ಲುಗಾರಿಕೆಗೆ ಹುಡುಗಿಯರನ್ನು ಆರಿಸುತ್ತಾರಂತೆ, ನವೆಂಬರ್ ಕೊನೆಗೆ ಹಾಸನದಲ್ಲಿ ಆಯ್ಕೆ ಎಂದು ಡ್ರಿಲ್ ಮೇಷ್ಟ್ರು ನೋಟೀಸು ಓದಿದರು. ಓದಿ, ತಾವೇ ನಕ್ಕರು. "ಬಿಲ್ಲು ಎಲ್ಲಿಂದ ತರೋದು? ಹಳೇಬೀಡಿನ ಬಸದಿ ಹತ್ರ ಒಬ್ರು ಜೈನರಿದ್ದಾರಂತೆ, ಅವರ ಮನೇಲಿ ಎರಡೋ ಮೂರೋ ಇದೆಯಂತೆ. ಹೋಗಿ ಕೇಳ್ರಮ್ಮ, ಧೈರ್ಯ ಇದ್ರೆ."

ಜೂನ್ ಹದಿನಾಲ್ಕು, ಭಾನುವಾರ, ನಾನು ಹೋಗಿ ಕೇಳಿದೆ.

ಅವರು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ ತೂಕ ಹಾಕುವ ಕೆಲಸ ಮಾಡಿದವರು. ಮದುವೆಯಾಗಿರಲಿಲ್ಲ. ಕೆಲಸ ಬಿಟ್ಟ ಮೇಲೆ ಹಳೇಬೀಡಿನಲ್ಲಿ ವಿಧವೆ ಅಕ್ಕನ ಮನೆಗೆ ಬಂದು ನಿಂತಿದ್ದರು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಉತ್ತರದ ಕಡೆಯ ಅಧಿಕಾರಿಯೊಬ್ಬರು ಸಂಜೆ ಹೊತ್ತು ಬಿಲ್ಲು ಹಿಡಿಯುತ್ತಿದ್ದರಂತೆ. ಇವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು, ಒಂದು ದಿನ ಅವರೇ ಒಳಗೆ ಕರೆದರು. ವರ್ಗವಾಗಿ ಹೋಗುವಾಗ ಎರಡು ಬಿಲ್ಲು ಬಿಟ್ಟು ಹೋದರು. ತುದಿಗಳು ಮುಂದಕ್ಕೆ ಬಾಗಿದ, ರಿಕರ್ವ್ ಎನ್ನುವ ಜಾತಿಯವು. ಒಂದು ಹತ್ತು ಕೆ.ಜಿ.ಯದು, ಇನ್ನೊಂದು ಹದಿನಾರು. ಪೌಂಡಿನಲ್ಲಿ ಅವಕ್ಕೆ ಬೇರೆ ಲೆಕ್ಕ ಇದ್ದರೂ ಇವರು ಕೊಬ್ಬರಿ ಮಂಡಿಯ ಸ್ಪ್ರಿಂಗ್ ತಕ್ಕಡಿಗೆ ಹೆದೆಯನ್ನು ಸಿಕ್ಕಿಸಿ, ಎಳೆದು, ಕೆ.ಜಿ.ಯಲ್ಲೇ ಅಳೆದು ಬಿಲ್ಲಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು.

ಗೋಡೆಯ ಗೂಟಗಳಲ್ಲಿ ಎರಡೂ ತೂಗುತ್ತಿದ್ದವು.

"ಯಾವುದು ಬೇಕು?" ಎಂದರು.

"ದೊಡ್ಡದು ಸಾರ್."

"ಯಾಕೆ?"

"ದೂರ ಹೋಗುತ್ತಲ್ಲ."

"ದೂರ ಹೋಗೋದು ಬಾಣ ಕಣಮ್ಮ. ಇಲ್ಲಿ ನಿಂತು ಎಳೆಯೋಳು ನೀನು. ಗೋಡೆಗೆ ಬೆನ್ನು ಕೊಟ್ಟು ಕೈ ಚಾಚು, ನೋಡೋಣ."

ಎರಡೂ ಕೈಗಳ ಬೆರಳ ತುದಿಯ ಹತ್ತಿರ ಸುಣ್ಣದ ಗೆರೆ ಎಳೆದು ಟೇಪು ಹಿಡಿದರು. ಅರವತ್ತೆರಡೂವರೆ ಇಂಚು. ಅದನ್ನು ಎರಡೂವರೆಯಿಂದ ಭಾಗಿಸು ಎಂದರು. ಇಪ್ಪತ್ತೈದು ಎಂದೆ. "ನೀನು ಎಳೆಯೋದು ಇಪ್ಪತ್ತೈದು ಇಂಚು. ನಿನ್ನ ಬಾಣ ಇಪ್ಪತ್ತೇಳು. ಗಿಡ್ಡ ಆದ್ರೆ ಎಳೆದಾಗ ಬಿಲ್ಲಿಗಿಂತ ಈಚೆ ಬಂದು ನಿನ್ನ ಕೈಗೇ ಚುಚ್ಚುತ್ತೆ. ತೀರಾ ಉದ್ದ ಆದ್ರೆ ಭಾರ. ಹೊಸಬರಿಗೆ ಎರಡಿಂಚು ಹೆಚ್ಚಿಗೆ ಇರಲಿ. ತಪ್ಪು ಮಾಡೋಕೂ ಜಾಗ ಬೇಕಲ್ಲ."

ಆಮೇಲೆ ಎರಡೂ ಅಂಗೈಗಳನ್ನು ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ತೆಂಗಿನ ಮರದ ಸುಳಿ ನೋಡಿಸಿದರು. ಒಂದೊಂದೇ ಕಣ್ಣು ಮುಚ್ಚಿಸಿದರು. ಎಡಗಣ್ಣು ಮುಚ್ಚಿದಾಗ ಸುಳಿ ಕಿಂಡಿಯಲ್ಲೇ ಇತ್ತು, ಬಲಗಣ್ಣು ಮುಚ್ಚಿದಾಗ ಮಾಯವಾಯಿತು. "ಬಲಗಣ್ಣಿನೋಳು. ಸರಿ, ಈ ಬಿಲ್ಲು ಆಗುತ್ತೆ" ಎಂದು ಚಿಕ್ಕ ಬಿಲ್ಲನ್ನು ಗೂಟದಿಂದ ಇಳಿಸಿದರು. ಇಳಿಸಿ ನನ್ನ ಕೈಗೆ ಕೊಟ್ಟದ್ದು ಮಾತ್ರ ಸೈಕಲ್ ಟ್ಯೂಬಿನ ತುಂಡು. ಎರಡು ಭಾನುವಾರ ಆ ರಬ್ಬರನ್ನೇ ದವಡೆಯವರೆಗೆ ಎಳೆದು ಬಿಡುತ್ತಿದ್ದೆ.

ಅವರ ಮನೆಯಲ್ಲಿ ಚರ್ಮ ಇರಲಿಲ್ಲ. ಬೆರಳಿಗೆ ಕಟ್ಟಿಕೊಳ್ಳಲು ಅದೇ ಟ್ಯೂಬಿನಿಂದ ಒಂದು ಎಲೆಯಾಕಾರ ಕತ್ತರಿಸಿ ಕೊಟ್ಟರು. ಹೆದೆ ಹೊಡೆಯದ ಹಾಗೆ ಎಡತೋಳಿಗೆ ಹಳೆಯ ಲೆಕ್ಕದ ಪುಸ್ತಕದ ರಟ್ಟು, ಮೇಲೆ ಬಟ್ಟೆಯ ಪಟ್ಟಿ. ಬಾಣದ ಗರಿಗಳು ಕೆರೆ ಏರಿಯ ಮೇಲೆ ತಾವಾಗಿ ಉದುರಿದ್ದವು ಮಾತ್ರ. ಕೋಳಿ ಅಂಗಡಿಯವನು ಬುಟ್ಟಿಗಟ್ಟಲೆ ಪುಕ್ಕ ಕೊಡುತ್ತೇನೆ ಎಂದಿದ್ದನಂತೆ. ಬೇಡವೆಂದು, ಬೆಳಿಗ್ಗೆ ಬಸದಿಗೆ ಹೋಗಿ ಬರುವಾಗ ಏರಿ ಮೇಲೆ ತಲೆ ತಗ್ಗಿಸಿ ನಡೆಯುತ್ತಿದ್ದರು. ಒಂದೇ ಅಳತೆಯ ಮೂರು ಗರಿ ಸಿಕ್ಕರೆ ಆ ವಾರ ಒಂದು ಬಾಣ. ನನ್ನ ಹನ್ನೆರಡು ಬಾಣ ಮುಗಿಯಲು ಸೆಪ್ಟೆಂಬರ್ ಆಯಿತು. ಪ್ರತಿ ಬಾಣದ ಬುಡದಲ್ಲಿ ಕಾದ ಮೊಳೆಯಿಂದ ಸುಟ್ಟು ನಂಬರು ಹಾಕಿದ್ದರು.

ಗುರಿ ಎಂದರೆ ಹಿತ್ತಲಿನ ಕೊನೆಯಲ್ಲಿ ಬಿಗಿಯಾಗಿ ಕಟ್ಟಿದ ಹುಲ್ಲಿನ ಹೊರೆ, ಅದರ ಹಿಂದೆ ಮಣ್ಣಿನ ದಿಬ್ಬ. ಬಾಣ ಹೂಡುವ ಮೊದಲು ಹುಲ್ಲಿನ ಹೊರೆಯನ್ನು ಕೋಲಿನಿಂದ ಮೆಲ್ಲಗೆ ತಟ್ಟಿ ಕಾಯುತ್ತಿದ್ದರು. ಇರುವೆ, ಜೇಡ, ಒಂದೊಂದು ಸಲ ಓತಿಕ್ಯಾತ, ಎಲ್ಲ ಇಳಿದು ಹೋಗಬೇಕು. ನಾನು ಗಡಿಯಾರ ನೋಡಿದ ದಿನ ಏಳು ನಿಮಿಷ ಕಾದೆವು. ಬೀದಿಯಲ್ಲಿ ಹೋಗುವವರು ಬೇಲಿಯ ಮೇಲಿಂದ ಇಣುಕಿ ಕೆಣಕುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಹಾಲಿನವನು.

"ಏನ್ ಸ್ವಾಮಿ, ಇವತ್ತು ಎಷ್ಟು ಹುಲ್ಲು ಹೊಡೆದಾಕುದ್ರಿ?"

"ಹುಲ್ಲು ಸತ್ತೇ ಬಂದಿರುತ್ತೆ ಕಣಯ್ಯ. ನಾನು ಬರೀ ತೂತು ಮಾಡ್ತೀನಿ."

"ಜೈನರ ಕೈಗೆ ಬಿಲ್ಲು ಯಾಕ್ ಬೇಕಿತ್ತು ಅಂತ."

"ನಿನ್ನ ಕೈಗೆ ಕೊಟ್ರೆ ಇನ್ನೂ ಕಷ್ಟ. ಹೋಗು, ಹಾಲು ಹುಳಿಯಾಗುತ್ತೆ."

ಬಿಲ್ಲು ನಮಗೆ ಭಾರವೋ ಅಲ್ಲವೋ ಎಂದು ತಿಳಿಯಲು ಅವರಿಗೆ ಒಂದು ಪರೀಕ್ಷೆ ಇತ್ತು. ಹೆದೆಯನ್ನು ಪೂರ್ತಿ ಎಳೆದು ಹಿಡಿದುಕೊಂಡು ಅರಸೀಕೆರೆ ಬಸ್ಸಿನ ಊರುಗಳನ್ನು ಹೇಳಬೇಕು. ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ. ನಾಲ್ಕೂ ಹೆಸರು ಮನೆಯ ಮಾತಿನ ಹಾಗೆ ಬಂದರೆ ಬಿಲ್ಲು ನಿನ್ನದು. ದನಿ ನಡುಗಿದರೆ, ತೋಳು ಏನು ಹೇಳಿದರೂ ಸರಿ, ಅದು ನಿನ್ನ ಬಿಲ್ಲಲ್ಲ. ಹತ್ತು ಕೆ.ಜಿ.ಯಲ್ಲಿ ನಾನು ಅರಸೀಕೆರೆ ಮುಟ್ಟಿದ್ದು ಜುಲೈ ಇಪ್ಪತ್ತಾರಕ್ಕೆ. ಸೆಪ್ಟೆಂಬರಿನಲ್ಲಿ ಒಂದು ದಿನ ಹಟ ಮಾಡಿ ಹದಿನಾರು ಕೆ.ಜಿ. ಕೈಗೆ ತೆಗೆದುಕೊಂಡೆ. ಜಾವಗಲ್‌ನಲ್ಲೇ ದನಿ ಒಡೆಯಿತು.

"ಜಾವಗಲ್‌ನಲ್ಲೇ ಇಳಿದುಬಿಟ್ಟೆಯಲ್ಲೇ," ಎಂದು ಬಾಗಿಲಲ್ಲಿ ಕೂತಿದ್ದ ಅವರ ಅಕ್ಕ ನಕ್ಕರು.

"ಆಯ್ಕೇಲಿ ದೂರ ಜಾಸ್ತಿ ಇರುತ್ತಂತೆ ಸಾರ್. ಚಿಕ್ಕದ್ರಲ್ಲಿ ಮುಟ್ಟಲ್ಲ" ಎಂದೆ.

"ಮುಟ್ಟದಿದ್ರೆ ಮುಂದಿನ ವರ್ಷ ಹೋಗು. ಭಾರದ ಬಿಲ್ಲು ಹೊಸಬರ ಕೈಲಿ ಎತ್ತ ತಿರುಗುತ್ತೋ ಅದಕ್ಕೇ ಗೊತ್ತಿರಲ್ಲ. ಬಾಣಾವರ ದಾಟೋವರೆಗೂ ಅದನ್ನ ಮುಟ್ಟಬೇಡ."

ನನಗೆ ಮುಂದಿನ ವರ್ಷ ಎನ್ನುವುದು ಇರಲಿಲ್ಲ. ಓದು ಮುಗಿದ ಮೇಲೆ ಭಾನುವಾರಗಳನ್ನು ಹೀಗೆ ಕಳೆಯಲು ಮನೆಯಲ್ಲಿ ಬಿಡುತ್ತಾರೆ ಎಂದು ನಾನು ನಂಬಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

ಅವರು ಎಲ್ಲಕ್ಕಿಂತ ಕಟ್ಟುನಿಟ್ಟಾಗಿದ್ದದ್ದು ಬಾಣದ ಲೆಕ್ಕದಲ್ಲಿ. ಹೋದ ಬಾಣ ಎಷ್ಟು, ಬಂದ ಬಾಣ ಎಷ್ಟು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ಕಡಿಮೆಯಿದ್ದರೂ ಯಾರೂ ಹಿತ್ತಲು ಬಿಡುವ ಹಾಗಿಲ್ಲ. ನಾನು ಡೈರಿ ಬರೆಯುತ್ತೇನೆಂದು ತಿಳಿದ ದಿನವೇ ನೋಟ್‌ಬುಕ್ಕು ನನ್ನ ಕೈಗೆ ಬಂತು. "ನೀನು ಬರೆಯೋಳು. ಇನ್ನು ನಾನು ಎಣಿಸಲ್ಲ, ಕೇಳ್ತೀನಿ ಅಷ್ಟೆ." ಅಂದಿನಿಂದ ಪ್ರತಿ ಸಂಜೆ ಕೇಳುತ್ತಿದ್ದರು: "ಲೆಕ್ಕ ಸರಿನಾ?"

ಅಕ್ಟೋಬರ್ ಹದಿನೆಂಟು ನನ್ನ ಹತ್ತೊಂಬತ್ತನೆಯ ಭಾನುವಾರ.

ಅವರು ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಐದೂವರೆಗೆ ಅಕ್ಕ ಕರೆದರು, ಅವರು ಕೈಕಾಲು ತೊಳೆದು ಒಳಗೆ ಹೋದರು. ಅವರ ಊಟಕ್ಕೆ ಇಪ್ಪತ್ತು ನಿಮಿಷ ಎಂದು ನನಗೆ ಗೊತ್ತಿತ್ತು. ನಾನು ಗೂಟದಿಂದ ದೊಡ್ಡ ಬಿಲ್ಲು ಇಳಿಸಿದೆ. ಕೈಗೆ ಸಿಕ್ಕಿದ ಬಾಣ ಹೂಡಿದೆ. ಅದು ಏಳನೇ ನಂಬರು. ಎಳೆದೆ. ಊರುಗಳ ಹೆಸರು ಹೇಳಲಿಲ್ಲ. ತೋಳು ನಡುಗಿ, ಬಿಲ್ಲು ಮೇಲೆದ್ದು, ಬೆರಳು ತಾನಾಗಿ ಜಾರಿತು.

ಬಾಣ ಹುಲ್ಲಿನ ಮೇಲೆ, ದಿಬ್ಬದ ಮೇಲೆ, ಅದರಾಚೆಯ ಹುರುಳಿ ಹೊಲದ ಮೇಲೆ ಹಾರಿತು. ಹೊಲದ ಕೊನೆಯಲ್ಲಿ ಒಂದು ಕಾಲುವೆ. ಅದನ್ನೂ ದಾಟಿ ಆಚೆಯ ಹುಲ್ಲುಗಾವಲಿನಲ್ಲಿ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಓಡಿದೆ. ಕಾಲುವೆಯಲ್ಲಿ ಎದೆಮಟ್ಟ ನೀರಿತ್ತು, ದಾಟುವ ಕಲ್ಲು ಎಲ್ಲಿದೆಯೋ ಗೊತ್ತಿರಲಿಲ್ಲ. ಆರೂಕಾಲಿಗೆ ಬೇಲೂರಿನ ಬಸ್ಸು. ವಾಪಸು ಬಂದು ದೊಡ್ಡ ಬಿಲ್ಲನ್ನು ಗೂಟಕ್ಕೆ ಹಾಕಿದೆ. ನನ್ನ ಬಾಣಗಳ ಡಬ್ಬಿಯಲ್ಲಿ ಹನ್ನೊಂದಿದ್ದವು. ಮೂಲೆಯಲ್ಲಿದ್ದ ಅವರ ಬಾಣಗಳಲ್ಲಿ ಒಂದನ್ನು ಎತ್ತಿ ನಡುವೆ ತೂರಿಸಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ಹೋದದ್ದು 12, ಬಂದದ್ದು 12.

ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಲೆಕ್ಕ ಸರಿನಾ?"

"ಸರಿ ಇದೆ ಸಾರ್. ಹನ್ನೆರಡು."

ಡಬ್ಬಿಯ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ. "ಬಸ್ಸಿಗೆ ಹೊತ್ತಾಯ್ತು, ಹೋಗು" ಎಂದರು.

ಮುಂದಿನ ಭಾನುವಾರ ನಾನು ಹೋದಾಗ ಅವರು ಹಿತ್ತಲಿನಲ್ಲಿ ಇರಲಿಲ್ಲ. ಹುರುಳಿ ಹೊಲದಲ್ಲಿ, ಕೈಯಲ್ಲಿ ಕೋಲು ಹಿಡಿದು, ಬಗ್ಗಿ ನಡೆಯುತ್ತಿದ್ದರು. ಗಿಡಗಳನ್ನು ಕೋಲಿನಿಂದ ಬಗೆದು, ನೋಡಿ, ಒಂದು ಹೆಜ್ಜೆ ಮುಂದೆ. ಮತ್ತೆ ಬಗೆದು, ನೋಡಿ, ಒಂದು ಹೆಜ್ಜೆ.

"ಏನು ಹುಡುಕ್ತಿದೀರಾ ಸಾರ್?"

"ಗರಿ ಕಣಮ್ಮ."

ಹುರುಳಿ ಹೊಲದಲ್ಲಿ ಅವರಿಗೆ ಗರಿ ಸಿಕ್ಕಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆದರೂ ನಂಬಿದೆ. ನಂಬಬೇಕಾಗಿತ್ತು. ಆ ದಿನ ಅವರು ನನಗೆ ಹತ್ತೇ ಬಾಣ ಕೊಟ್ಟರು. "ಇವತ್ತಿಗೆ ಹತ್ತು ಸಾಕು." ಅದರ ಮುಂದಿನ ವಾರವೂ ಹತ್ತು. ಅದರ ಮುಂದಿನ ವಾರವೂ. ಹೊರಡುವ ಮೊದಲು ಮಾತ್ರ ಅದೇ ಪ್ರಶ್ನೆ. ಒಂದು ವ್ಯತ್ಯಾಸವಿತ್ತು. ಮೊದಲೆಲ್ಲ ಬಾಣ ಒರೆಸುತ್ತಲೋ ಹುಲ್ಲು ಬಿಗಿಯುತ್ತಲೋ ಕೇಳುತ್ತಿದ್ದರು. ಈಗ ಕೆಲಸ ಬಿಟ್ಟು, ನಿಂತು ಕೇಳುತ್ತಿದ್ದರು.

"ಲೆಕ್ಕ ಎಲ್ಲ ಸರಿನಾ ಕಣಮ್ಮ?"

"ಸರಿ ಇದೆ ಸಾರ್."

ಅಕ್ಟೋಬರ್ ಇಪ್ಪತ್ತೈದು, ನವೆಂಬರ್ ಒಂದು, ಎಂಟು. ಮೂರು ಸಲ.

ನವೆಂಬರ್ ಎಂಟರಂದು ಅವರ ಅಕ್ಕ ನನಗೆ ಮಜ್ಜಿಗೆ ಕೊಡುತ್ತ ಹೇಳಿದರು: "ದಿನಾ ಹೋಗ್ತಾನೆ ಕಣೇ ಆ ಹೊಲಕ್ಕೆ. ಬಸದಿಯಿಂದ ಬಂದೋನು ತಿಂಡಿನೂ ತಿನ್ನಲ್ಲ. ಒಂದೊಂದು ಗಿಡನೂ ಬಗೆದು ನೋಡ್ತಾನೆ. ಅದೆಂಥ ಗರಿನೋ."

ಕಾಲುವೆಯ ಆಚೆಗೆ ಅವರು ಹೋಗಲೇ ಇಲ್ಲ. ಹತ್ತು ಕೆ.ಜಿ. ಬಿಲ್ಲಿನ ಬಾಣ ಎಷ್ಟೇ ಎತ್ತರಕ್ಕೆ ಜಾರಿದರೂ ಆ ಹೊಲ ದಾಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಾನು ಕೈಗೆತ್ತಿಕೊಳ್ಳುವುದು ಅದೊಂದೇ ಬಿಲ್ಲು ಎಂದು ಅವರು ನಂಬಿದ್ದರು.

ನವೆಂಬರ್ ಹದಿನೈದು, ಇಪ್ಪತ್ತಮೂರನೆಯ ಭಾನುವಾರ. ಬಾಣ ಕೊಡುವ ಮೊದಲೇ ಕೇಳಿದರು, "ಲೆಕ್ಕ ಸರಿನಾ?" "ಇನ್ನೂ ಶುರುವೇ ಮಾಡಿಲ್ಲ ಸಾರ್" ಎಂದು ನಕ್ಕೆ. ಅವರು ನಗಲಿಲ್ಲ. ಹುಲ್ಲಿನ ಹೊರೆಯನ್ನು ತಟ್ಟಿ ನಾವು ಕಾಯುತ್ತಿದ್ದಾಗ ಬೇಲಿಯ ಗೇಟು ತೆಗೆದುಕೊಂಡು ಒಬ್ಬ ಹೆಂಗಸು ಬಂದಳು. ಕಾಲುವೆಯ ಆಚೆ ದನ ಸಾಕಿಕೊಂಡಿದ್ದವಳು. ಸೆರಗಿನ ಮರೆಯಿಂದ ಬಾಣ ತೆಗೆದಳು.

"ಸ್ವಾಮಿ, ಇದು ನಿಮ್ದೇ ಅಲ್ವಾ?"

ಅವರು ಕೈಗೆ ತೆಗೆದುಕೊಂಡು ಬುಡ ನೋಡಿದರು. "ನಮ್ದೇ ತಾಯಿ. ಎಲ್ಲಿ ಸಿಕ್ತು?"

"ಹುಲ್ಲಿನ ಹೊರೇಲಿತ್ತು. ಕತ್ಲಾಗ್ತಾ ಕೊಯ್ದಿದ್ದು, ಹುಲ್ಲಿನ ಜೊತೆ ಇದೂ ಸೇರ್ಕೊಂಡೈತೆ, ನಂಗೆ ಕಾಣ್ಲಿಲ್ಲ. ಹಂಗೇ ಎತ್ತಿ ಗೋದಲೀಗೆ ಹಾಕ್ದೆ. ನಮ್ಮ ಕರಿ ಪಡ್ಡೆ, ಇನ್ನೂ ಕರ ಹಾಕಿಲ್ಲ ಸ್ವಾಮಿ, ಹಸ್ಕೊಂಡಿತ್ತು, ಮೂತಿ ಇಕ್ಕಿ ನುಗ್ತು." ಅವಳು ತನ್ನ ಎಡಗಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಡಾಕ್ಟ್ರು ಬಂದಿದ್ರು. ಕಣ್ಣು ಹೋಯ್ತು ಅಂದ್ರು."

"ಕಾಲುವೆ ಆಚೆ ಹುಲ್ಲಾ?" ಎಂದರು ಅವರು.

"ಹೂಂ ಸ್ವಾಮಿ, ಆಚೇದು."

"ಅಷ್ಟು ದೂರಾನಾ."

ಅದು ಅವಳಿಗೆ ಕೇಳಿದ ಪ್ರಶ್ನೆಯಲ್ಲ. ಅವರ ಕಣ್ಣು ತೆರೆದ ಬಾಗಿಲಿನೊಳಗೆ ಗೋಡೆಯ ಗೂಟದ ಮೇಲಿದ್ದ ದೊಡ್ಡ ಬಿಲ್ಲಿಗೆ ಹೋಗಿ ನಿಂತಿತು. ನನ್ನ ಕಡೆ ಅವರು ತಿರುಗಲಿಲ್ಲ. ನನ್ನ ಕೈಯಲ್ಲಿ ನೋಟ್‌ಬುಕ್ಕು ಇತ್ತು, ಪೆನ್ಸಿಲ್ಲೂ ಇತ್ತು.

"ಯಾರು ಸ್ವಾಮಿ ಬಿಟ್ಟಿದ್ದು? ಈ ಮಗೀನಾ?" ಹೆಂಗಸು ನನ್ನನ್ನು ನೋಡಿದಳು.

ಆಗ ನಾನು ಬಾಯಿ ತೆರೆಯಬಹುದಾಗಿತ್ತು. ಅವರೂ ಕಾದರು. ಹುಲ್ಲಿನಿಂದ ಇರುವೆ ಇಳಿಯಲಿ ಎಂದು ಕಾಯುವ ಹಾಗೆಯೇ, ಅವಸರವಿಲ್ಲದೆ ಕಾದರು.

"ಬಿಲ್ಲು ನಂದು ತಾಯಿ," ಎಂದರು ಕೊನೆಗೆ. "ತಪ್ಪೂ ನಂದೇ. ನಡಿ, ಬತ್ತೀನಿ, ಪಡ್ಡೆ ನೋಡೋಣ."

ಹೋಗುವ ಮೊದಲು ಎರಡೂ ಬಿಲ್ಲುಗಳ ಹೆದೆ ಇಳಿಸಿದರು. ನನಗೆ ಹೇಳಿದ್ದು ಇಷ್ಟೆ: "ಆಯ್ಕೆಗೆ ಬೇಕಾದ್ರೆ ಚಿಕ್ಕ ಬಿಲ್ಲು ತಗೊಂಡು ಹೋಗು. ಅದು ನಿನಗೆ ಸರಿಯಾಗಿದೆ." ನಾನು ತೆಗೆದುಕೊಳ್ಳಲಿಲ್ಲ. ಆಯ್ಕೆಗೆ ಹೋಗಲೂ ಇಲ್ಲ. ಡೈರಿಯ ಆ ಪುಟದಲ್ಲಿ ಬರೆದದ್ದು: ಬಸ್ಸು ಹತ್ತು ನಿಮಿಷ ತಡ.

ಅವರು ಆ ದಿನದಿಂದ ಒಂದು ತಿಂಗಳು ಒಪ್ಪೊತ್ತು ಮಾಡಿದರೆಂದೂ, ದಿನವೂ ಕಾಲುವೆ ಸುತ್ತಿ ಹೋಗಿ ತಾವೇ ಗಾಯ ತೊಳೆದು ಬರುತ್ತಿದ್ದರೆಂದೂ, ಆಮೇಲೆ ಪಡ್ಡೆಯನ್ನು ಮೇಯಿಸಲೂ ತಾವೇ ಒಯ್ಯುತ್ತಿದ್ದರೆಂದೂ, ಮತ್ತೆ ಯಾರಿಗೂ ಬಿಲ್ಲು ಕೊಡಲಿಲ್ಲವೆಂದೂ ಆಮೇಲೆ ಕೇಳಿದೆ. ಅರಸೀಕೆರೆಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕ ಮೇಲೆ ವಾರಕ್ಕೊಮ್ಮೆ ಬೇಲೂರಿನ ಮನೆಗೆ ಬಂದು ಹೋಗುವ ದಾರಿಯಲ್ಲಿ ಬಸ್ಸು ಹಳೇಬೀಡಿನಲ್ಲಿ ನಿಲ್ಲುತ್ತಿತ್ತು. ನಾನು ಇಳಿಯುತ್ತಿರಲಿಲ್ಲ. ಕಿಟಕಿಯಿಂದ ಮೂರು ಸಲ ಅವರನ್ನು ನೋಡಿದೆ. ಮೂರು ಸಲವೂ ಕೆರೆ ಏರಿಯ ಮೇಲೆ, ಜೊತೆಯಲ್ಲಿ ಆ ಕರಿ ಪಡ್ಡೆ. ಅದು ಒಂದೇ ಕಣ್ಣಿನಿಂದ ದಾರಿ ನೋಡಲು ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಡೆಯುತ್ತಿತ್ತು. ಅವರು ಕಣ್ಣಿಲ್ಲದ ಮಗ್ಗುಲಲ್ಲಿ, ಅದರ ಕತ್ತಿನ ಮೇಲೆ ಅಂಗೈ ಇಟ್ಟು ನಡೆಯುತ್ತಿದ್ದರು. ಅವರು ಈಗ ಗರಿ ಹುಡುಕುತ್ತಿರಲಿಲ್ಲ. ಕೆಲವು ರಾತ್ರಿ ನನಗೆ ಕನಸಿನಲ್ಲಿ ಕಾಣುವುದು ಪಡ್ಡೆಯಲ್ಲ, ಅವರೂ ಅಲ್ಲ. ಹುರುಳಿ ಗಿಡಗಳನ್ನು ಬಗೆಯುವ ಕೋಲು ಕಾಣುತ್ತದೆ. ಒಂದು ಹೆಜ್ಜೆ, ಮತ್ತೆ ಒಂದು ಹೆಜ್ಜೆ.

ಹತ್ತನೆಯ ದಿನ ಹೋದೆ ಎಂದೆನಲ್ಲ. ಅವರ ಅಕ್ಕ ಮೊರದಲ್ಲಿ ಕಾಳು ಆರಿಸುತ್ತ ಕೂತಿದ್ದರು. ಮೂಲೆ ತೋರಿಸಿದರು. ಹಳೆಯ ಪಂಚೆಯಲ್ಲಿ ಸುತ್ತಿದ ಗಂಟು. ಚಿಕ್ಕ ಬಿಲ್ಲು, ಟ್ಯೂಬಿನ ತುಂಡು, ರಟ್ಟು, ನೋಟ್‌ಬುಕ್ಕು, ಬಾಣಗಳ ಡಬ್ಬಿ. ಡಬ್ಬಿಯಲ್ಲಿ ಹನ್ನೊಂದು ಬಾಣ. ಏಳನೆಯದು ಇರಲಿಲ್ಲ. ಬೇರೆಯಾಗಿ ದಾರ ಕಟ್ಟಿಟ್ಟ ಇನ್ನೊಂದು ಬಾಣವಿತ್ತು. ಡಬ್ಬಿಯ ಪಕ್ಕ ನಿಲ್ಲಿಸಿದೆ. ಉಳಿದವಕ್ಕಿಂತ ಎರಡಿಂಚು ಉದ್ದ.

"ಅದನ್ನ ಯಾಕೆ ಬೇರೆ ಕಟ್ಟಿದೀಯೋ ಅಂದೆ," ಎಂದರು ಅಕ್ಕ. "ಅದು ಅವಳ ತೋಳಿನ ಅಳತೇದಲ್ಲ, ನಂದು, ಆವತ್ತು ಅವಳು ಬಸ್ಸಿಗೆ ಹೋದಮೇಲೆ ಡಬ್ಬಿಯಿಂದ ತೆಗೆದೆ ಅಂದ. ನಂಗೇನೂ ತಿಳೀಲಿಲ್ಲ."

ನನಗೆ ತಿಳಿಯಿತು. ಮೊದಲ ಸಂಜೆಯೇ, ಡಬ್ಬಿಯ ಕಡೆ ನೋಡಿದ ಆ ಒಂದು ನೋಟದಲ್ಲೇ ಅವರಿಗೆ ಗೊತ್ತಾಗಿತ್ತು. ನಾಲ್ಕು ವಾರ ಪ್ರತಿ ಬೆಳಿಗ್ಗೆ ಅವರು ಆ ಒಂದು ಬಾಣ ಹುಡುಕಿದರು. ಪ್ರತಿ ಭಾನುವಾರ ನನ್ನನ್ನು ಕೇಳಿದರು. ದೊಡ್ಡ ಬಿಲ್ಲು ಸಾರ್, ಕಾಲುವೆ ಆಚೆ ಸಾರ್. ಇಷ್ಟು ಹೇಳಿದ್ದರೆ ಸಾಕಿತ್ತು.

"ಅಮ್ಮ, ಆ ಬಾಣ ಬಿಟ್ಟಿದ್ದು ನಾನು," ಎಂದೆ.

ಅವರು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು, "ನಂಗೆ ಹೇಳಿ ಏನು ಬಂತೇ ಈಗ."

ಹಿತ್ತಲಿಗೆ ಹೋದೆ. ದಿಬ್ಬದ ಮೇಲೆ ಹುಲ್ಲು ಬೆಳೆದಿತ್ತು. ನೋಟ್‌ಬುಕ್ಕು ತೆರೆದು ಆ ಪುಟ ಹುಡುಕಿದೆ. ನನ್ನ ಅಕ್ಷರ ಹಾಗೇ ಇತ್ತು, ಅವರು ಏನೂ ತಿದ್ದಿರಲಿಲ್ಲ. 'ಬಂದದ್ದು' ಎಂಬಲ್ಲಿ ಹನ್ನೆರಡನ್ನು ಹೊಡೆದು ಹನ್ನೊಂದು ಎಂದು ಬರೆದೆ. ಬಿಲ್ಲಿಗೆ ಹೆದೆ ಏರಿಸಿದೆ. ಬಾಣ ಹೂಡಲಿಲ್ಲ. ಹೆದೆಯನ್ನು ದವಡೆಯವರೆಗೆ ಎಳೆದು ಹಿಡಿದೆ. ಹತ್ತು ಕೆ.ಜಿ.ಗೆ ತೋಳು ಅಲುಗಲಿಲ್ಲ.

"ಹಳೇಬೀಡು," ಎಂದೆ. "ಜಾವಗಲ್."

ಬಾಣಾವರ ಬಾಯಿಗೆ ಬರಲಿಲ್ಲ. ಖಾಲಿ ಹೆದೆಯನ್ನು ಹಾಗೇ ಬಿಡಬಾರದು ಎಂದು ಅವರು ಕಲಿಸಿದ್ದರು. ಮೆಲ್ಲಗೆ ಮೊದಲಿನ ಜಾಗಕ್ಕೆ ತಂದು ಇಳಿಸಿದೆ.